ಶನಿವಾರ ರಾತ್ರಿಗಳ ಋಣ

ಎಲ್ಲರಿಗೂ ನಮಸ್ಕಾರ. ಈ ಸೋಮವಾರ ಹೊಸ ಕೆಲಸಕ್ಕೆ ಸೇರ್ಕೊಂಡೆ. ಸೆಪ್ಟೆಂಬರ್ ಕೊನೇಲಿ ಲೇಆಫ್ ಆದಾಗಿಂದ ಫೋನ್ ಮಾಡಿದೋರು, ರೆಫರ್ ಮಾಡಿದೋರು, ಬಾಗಿಲಿಗೆ ಬಿಸಿಬೇಳೆಬಾತ್ ಡಬ್ಬಿ ತಂದು ಕೊಟ್ಟೋರು ಎಲ್ಲರಿಗೂ ಕೈಮುಗೀತೀನಿ. ಇಲ್ಲಿ ಅಮೆರಿಕದಲ್ಲಿ ಎಚ್‌ಒನ್‌ಬಿ ಅನ್ನೋ ಕೆಲಸದ ವೀಸಾ ಮೇಲಿರೋರಿಗೆ ಗೊತ್ತು, ಕೆಲಸ ಹೋದ್ರೆ ಇನ್ನೊಂದು ಹುಡುಕ್ಕೊಳ್ಳೋಕೆ 60 ದಿನ ಅಷ್ಟೇ ಟೈಮು. ನನಗೆ ಆಫರ್ ಬಂದಿದ್ದು 51ನೇ ದಿನ.

ಆದ್ರೆ ಇವತ್ತು ಬರೀಬೇಕು ಅಂತ ಕೂತಿದ್ದು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಬೆಟ್ಟದ ಮೇಲಿರೋ ಶಾಬೋ ಸ್ಪೇಸ್ ಅಂಡ್ ಸೈನ್ಸ್ ಸೆಂಟರ್‌ನವರ ಬಗ್ಗೆ. ಅವರಿಗೆ ಇಂಗ್ಲಿಷ್‌ನಲ್ಲಿ ಈಮೇಲ್ ಹಾಕಿದೀನಿ, ಆದ್ರೂ ಮನಸ್ಸಲ್ಲಿರೋದು ಪೂರ್ತಿ ಹೇಳಿದ ಹಾಗಾಗ್ಲಿಲ್ಲ.

ಕೆಲಸ ಹೋದಮೇಲೆ ವೀಕೆಂಡ್ ಬಂದ್ರೆ ಭಯ. ಮಗಳಿಗೆ ಏಳು ವರ್ಷ, ಎಲ್ಲಿಗಾದ್ರೂ ಹೋಗೋಣ ಅಪ್ಪ ಅಂತಾಳೆ, ಪರ್ಸ್ ಬಿಚ್ಚೋಕೆ ಧೈರ್ಯ ಇಲ್ಲ. ಆಗ ಒಬ್ಬ ಸ್ನೇಹಿತ ಹೇಳಿದ, ಅಲ್ಲಿ ರಾತ್ರಿ ಹೊತ್ತು ಟೆಲಿಸ್ಕೋಪಲ್ಲಿ ಫ್ರೀಯಾಗಿ ನೋಡೋಕೆ ಬಿಡ್ತಾರೆ, ಮೋಡ ಇರಬಾರದು ಅಷ್ಟೇ ಅಂತ. ಹೋದ್ವಿ. ಅಲ್ಲಿಂದ ಮೋಡ ಇಲ್ಲದ ಒಂದು ಶನಿವಾರಾನೂ ಬಿಡ್ಲಿಲ್ಲ.

ಅಲ್ಲಿ ಮೂರು ದೊಡ್ಡ ಟೆಲಿಸ್ಕೋಪ್ ಇವೆ, ಮೂರಕ್ಕೂ ಹೆಣ್ಣುಮಕ್ಕಳ ಹೆಸರು. ಲಿಯಾ 1883ರದ್ದು, ಗಾಜಿನ ಅಗಲ 8 ಇಂಚು. ರೇಚಲ್ 20 ಇಂಚು, ನೂರು ವರ್ಷ ದಾಟಿದ ಅಜ್ಜಿ. ನೆಲ್ಲಿ 36 ಇಂಚು, ವಯಸ್ಸಲ್ಲಿ ಮಾತ್ರ ಇವರಲ್ಲಿ ಚಿಕ್ಕೋಳು. 1970ರಲ್ಲಿ ಚಂದ್ರನ ಕಡೆ ಹೊರಟಿದ್ದ ಅಪೋಲೋ 13 ನೌಕೆ ತೊಂದರೆಗೆ ಸಿಕ್ಕಾಗ ರೇಚಲ್‌ನಿಂದಲೂ ಅದನ್ನ ನೋಡಿ ಲೆಕ್ಕ ಕಳಿಸಿದ್ರಂತೆ, ಅದನ್ನ ಕೇಳಿದ ಮಗಳು ರೇಚಲ್‌ನ ಕಬ್ಬಿಣದ ಕಂಬ ಸವರಿ "ಥ್ಯಾಂಕ್ಯೂ ಅಜ್ಜಿ" ಅಂದ್ಲು.

ಅಮ್ಮ ಅರಸೀಕೆರೆಯಿಂದ ಬಂದಿದ್ರು. ನನ್ನ ಕೆಲಸ ಹೋಗಿದ್ದು ಅವರಿಗೆ ಹೇಳಿರ್ಲಿಲ್ಲ, ಆದ್ರೂ ಗೊತ್ತಾಗಿತ್ತು. ಏಳೂವರೆ ಶನಿ ಅಂತ ತಾವೇ ತೀರ್ಮಾನ ಮಾಡಿ ಶನಿವಾರ ಒಪ್ಪೊತ್ತು ಮಾಡ್ತಾ, ಎಳ್ಳೆಣ್ಣೆ ದೀಪ ಹಚ್ತಿದ್ರು. ಅಕ್ಟೋಬರ್‌ನ ಒಂದು ಶನಿವಾರ ಅವರನ್ನೂ ಕರ್ಕೊಂಡು ಹೋದೆ. ಅವತ್ತು ತೋರಿಸ್ತಿದ್ದಿದ್ದು ಶನಿ ಗ್ರಹಾನೇ. ಟೆಲಿಸ್ಕೋಪ್ ಇರೋ ಡೋಮ್ ಒಳಗೆ ಸಿಕ್ಕಾಪಟ್ಟೆ ಚಳಿ, ಹೀಟರ್ ಹಾಕೋ ಹಾಗಿಲ್ಲ, ಬಿಸಿಗಾಳಿ ಎದ್ರೆ ನೋಟ ಅಲ್ಲಾಡುತ್ತೆ. ಸಣ್ಣ ಕೆಂಪು ಲೈಟು. ವಾಲಂಟಿಯರ್ ಒಬ್ರು, ವಯಸ್ಸಾದೋರೇ, ಅಮ್ಮನಿಗೆ ಮೆಟ್ಟಿಲು ಗಟ್ಟಿಯಾಗಿ ಹಿಡ್ಕೊಂಡ್ರು. ಅಮ್ಮ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕನ್ನಡಕ ತೆಗೆದು, ಕಣ್ಣಿಟ್ರು.

ತುಂಬಾ ಹೊತ್ತು ಮಾತಿಲ್ಲ. ಹಿಂದೆ ಕ್ಯೂ ಇತ್ತು, ಯಾರೂ ಅವಸರ ಮಾಡ್ಲಿಲ್ಲ. ಆಮೇಲೆ ಮೆಲ್ಲಗೆ, "ಇವನೇನೋ? ಎಷ್ಟು ಮುದ್ದಾಗಿದಾನೋ ಸ್ವಾಮಿ" ಅಂದ್ರು. ಆಗ ಶನಿಯ ಉಂಗುರ ನಮ್ಮ ಕಡೆಗೆ ಹೆಚ್ಚುಕಮ್ಮಿ ಅಂಚು ತಿರುಗಿಸಿತ್ತು, ಹಂಗಾಗಿ ಮುತ್ತಿಗೆ ಸೂಜಿ ಚುಚ್ಚಿದ ಹಾಗೆ ಕಾಣ್ತಿತ್ತು, ಪಕ್ಕದಲ್ಲೇ ಅದರ ಚಂದ್ರ ಟೈಟನ್ ಒಂದು ಚುಕ್ಕೆ. ಮೆಟ್ಟಿಲ ಮೇಲೆ ನಿಂತೇ ಕೈಮುಗಿದ್ರು. ಏನಾಯ್ತು ಅಂತ ವಾಲಂಟಿಯರ್ ಕೇಳಿದ್ರು, ನಾನು ಹೇಳ್ದೆ. ಅವರು ನಗಲಿಲ್ಲ, ಶನಿ ಸೂರ್ಯನ್ನ ಒಂದು ಸುತ್ತು ಹಾಕೋಕೆ ಇಪ್ಪತ್ತೊಂಬತ್ತೂವರೆ ವರ್ಷ ಬೇಕು ಅಂತ ವಿವರಿಸಿದ್ರು. ನಾನು ಕನ್ನಡದಲ್ಲಿ ಹೇಳ್ತಿದ್ದ ಹಾಗೆ ಅಮ್ಮ ಬೆರಳು ಎಣಿಸಿ, "ರಾಶಿಗೆ ಎರಡೂವರೆ ವರ್ಷ, ಹನ್ನೆರಡು ರಾಶಿಗೆ ಮೂವತ್ತು, ಸರಿಯಾಗೇ ಹೇಳ್ತಾನೆ ಈ ಯಪ್ಪ" ಅಂದ್ರು. ಅದನ್ನ ಅವರಿಗೆ ಇಂಗ್ಲಿಷ್‌ಗೆ ತಿರುಗಿಸಿ ಹೇಳಿದಾಗ ಆ ಹಿರಿಯರ ಮುಖ ಅರಳಿದ್ದು ಕತ್ತಲಲ್ಲೂ ಕಾಣಿಸ್ತು.

ಎರಡು ತಿಂಗಳು ಎಲ್ಲಿ ಹೋದ್ರೂ ಏನ್ ಕೆಲಸ, ಯಾವ ಕಂಪನಿ, ವೀಸಾ ಏನಾಯ್ತು ಅನ್ನೋದೇ ಪ್ರಶ್ನೆ, ಕೇಳೋರು ಒಳ್ಳೇ ಮನಸ್ಸಿಂದಾನೇ ಕೇಳ್ತಿದ್ರು, ಆದ್ರೂ ಉತ್ತರ ಹೇಳಿ ಹೇಳಿ ಸಾಕಾಗಿತ್ತು. ಆ ಡೋಮಲ್ಲಿ ಒಬ್ಬರೂ ಅದನ್ನ ಕೇಳ್ಲಿಲ್ಲ. ನಿಮ್ಮ ಮಗಳು ಇನ್ನೊಂದ್ಸಲ ನೋಡ್ತಾಳಾ ಅಂತ ಮಾತ್ರ ಕೇಳ್ತಿದ್ರು. ಅಷ್ಟೊತ್ತಾದ್ರೂ ನಾನು ಬರೀ ಅವಳ ಅಪ್ಪ ಆಗಿರ್ತಿದ್ದೆ. ಸಂಬಳ ಇಲ್ಲದೆ, ಕೊರೆಯೋ ಚಳೀಲಿ ನಿಂತು, ಒಂದೇ ಪ್ರಶ್ನೆಗೆ ನೂರು ಮಕ್ಕಳಿಗೆ ನೂರು ಸಲ ಹೊಸದಾಗಿ ಉತ್ತರ ಹೇಳೋ ಆ ವಾಲಂಟಿಯರ್‌ಗಳಿಗೆ ನಮ್ಮ ಮನೆಯವರೆಲ್ಲ ಋಣಿ.

ಅಮ್ಮ ಊರಿಗೆ ವಾಪಸ್ ಹೋದ್ರು. ಕೆಲಸ ಸಿಕ್ತು ಅಂತ ಫೋನ್ ಮಾಡಿದ್ರೆ, ಸಂತೋಷ ಎಲ್ಲಾ ಹೇಳಿ ಆದಮೇಲೆ, "ಆ ಮೆಟ್ಟಿಲು ಹಿಡ್ಕೊಂಡಿದ್ರಲ್ಲ, ಅವರಿಗೆ ನನ್ನ ನಮಸ್ಕಾರ ತಿಳಿಸು" ಅಂದ್ರು. ಈ ಶನಿವಾರ ಮೋಡ ಇದ್ರೂ ಹೋಗ್ತೀವಿ, ಕೋಡುಬಳೆ ಡಬ್ಬಿ ರೆಡಿ ಇದೆ.