ಅಪ್ಪನ ಟಿಕೆಟ್ ರದ್ದು ಮಾಡಿಸಬೇಡ

ಕ್ರೈಸ್ಟ್‌ಚರ್ಚ್, ಭಾನುವಾರ

ಅಮ್ಮ,

ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ, ಮಕ್ಕಳಿಗೆ ಶೀತ ಬಿಟ್ಟಿದೆ. ನಿನ್ನ ಕಾಗದ ಓದಿದೆ. ಅಪ್ಪನ ಸಕ್ಕರೆ ಒಂದು ದಿನ 280, ಇನ್ನೊಂದು ರಾತ್ರಿ 62, ಇಂಥವರನ್ನು ಕರಕೊಂಡು ಸಮುದ್ರ ದಾಟಿ ನ್ಯೂಜಿಲೆಂಡಿಗೆ ಬಂದು, ಊರೂರು ಸುತ್ತುತ್ತಾ ಮನೆಯಂಥ ವ್ಯಾನಿನಲ್ಲಿ ಮಲಗಬೇಕಾ ಅಂತ ಕೇಳಿದ್ದೀಯ. ವಿಜಿ ಹತ್ತಿರ ಟಿಕೆಟ್ ರದ್ದು ಮಾಡಿಸು ಅಂತಲೂ ಹೇಳಿದ್ದೀಯಂತೆ. ಸ್ವಲ್ಪ ತಡಿ. ಮೂರ್ತಿ ಅಂಕಲ್, ಸರಳಾ ಆಂಟಿ ಆಕ್ಲೆಂಡಿನಿಂದ ತಮ್ಮ ವ್ಯಾನ್ ತಗೊಂಡು ನಿಧಾನಕ್ಕೆ ಕೆಳಗಿಳೀತಾ ಇದ್ದಾರೆ. ಜಾಲಹಳ್ಳಿ ಫ್ಯಾಕ್ಟರಿ ಬಸ್ಸಿನಲ್ಲಿ ತಮ್ಮ ಪಕ್ಕ ಕೂರುತ್ತಿದ್ದವನು, ಅಂದರೆ ನಮ್ಮಪ್ಪ, ಫೆಬ್ರವರಿಯಲ್ಲಿ ಬರ್ತಾನೆ ಅಂತ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬರ್ತಿದ್ದಾರಂತೆ. ಅವರಿಗೆ ಈಗ ಏನಂತ ಹೇಳಲಿ?

ಮೊದಲು ಸಕ್ಕರೆಯ ವಿಷಯ. ಇನ್ಸುಲಿನ್ ಪ್ರಮಾಣ ಬದಲಾಗಿಲ್ಲ, ಊಟ ಬದಲಾಗಿಲ್ಲ ಅಂತೀಯ. ಹಾಗಾದರೆ ನೋಡಬೇಕಾದ್ದು ಸೂಜಿ ಹಾಕುವ ರೀತಿ. ಇನ್ಸುಲಿನ್ ಸೀಸೆಯ ಮೇಲೆ 40 ಐಯು ಅಂತ ಇದೆಯೋ 100 ಐಯು ಅಂತ ಇದೆಯೋ ನೋಡು. ಒಂದು ಮಿ.ಲೀ.ಯಲ್ಲಿ ಎಷ್ಟು ಯೂನಿಟ್ ಇನ್ಸುಲಿನ್ ಇದೆ ಅನ್ನುವ ಲೆಕ್ಕ ಅದು. ನಮ್ಮಲ್ಲಿ ಸೀಸೆ ಸಾಮಾನ್ಯವಾಗಿ 40ರದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಕಿತ್ತಳೆ ಮುಚ್ಚಳದ್ದು 100ರದು. ಮೆಡಿಕಲ್ ಅಂಗಡಿಯ ಹುಡುಗ ಕೆಂಪು ಖಾಲಿ ಅಂತ ಕಿತ್ತಳೆ ಕೊಟ್ಟುಬಿಟ್ಟರೆ, ಅಪ್ಪ ಅದರಲ್ಲಿ 20ರ ಗೆರೆಯವರೆಗೆ ಎಳೆದರೂ ಒಳಗೆ ಹೋಗುವುದು 8 ಯೂನಿಟ್ ಮಾತ್ರ. ಸಕ್ಕರೆ 280 ಆಗದೆ ಏನಾಗುತ್ತೆ? ಉಲ್ಟಾ ಆದರೆ ಇನ್ನೂ ಅಪಾಯ. 100ರ ಇನ್ಸುಲಿನ್ನನ್ನು ಕೆಂಪು ಸಿರಿಂಜಿನಲ್ಲಿ 20ರವರೆಗೆ ಎಳೆದರೆ 50 ಯೂನಿಟ್ ಹೋಗುತ್ತೆ. ನ್ಯೂಜಿಲೆಂಡಿನಲ್ಲಿ ಸಾಮಾನ್ಯವಾಗಿ ಸಿಗುವುದು 100ರದು. ಆದ್ದರಿಂದ ಹೊರಡುವ ಮೊದಲೇ ಅಪ್ಪನನ್ನು ಇನ್ಸುಲಿನ್ ಪೆನ್ನಿಗೆ ಬದಲಾಯಿಸಬಹುದಾ ಅಂತ ಡಾಕ್ಟರನ್ನು ಕೇಳು. ಅಲ್ಲೇ ಮನೆಯಲ್ಲಿ ಒಂದು ತಿಂಗಳು ರೂಢಿಯಾಗಲಿ. ಪೆನ್ನಾದರೆ ಈ ಗೆರೆ ಲೆಕ್ಕವೇ ಇಲ್ಲ.

ಎರಡನೆಯದು, ಅಪ್ಪನದು ಮಬ್ಬು ಬಣ್ಣದ ಮಿಶ್ರ ಇನ್ಸುಲಿನ್, 30/70, ಅಂದರೆ 30 ಭಾಗ ವೇಗದ್ದು, 70 ಭಾಗ ನಿಧಾನದ್ದು. ನಿಧಾನದ ಭಾಗ ತಳಕ್ಕೆ ಕೂರುತ್ತೆ. ಪ್ರತಿ ಸಲವೂ ಎರಡು ಅಂಗೈ ನಡುವೆ ಹತ್ತು ಬಾರಿ ಹೊರಳಿಸಿ, ಆಮೇಲೆ ಹತ್ತು ಬಾರಿ ಮೇಲೆ ಕೆಳಗೆ ನಿಧಾನಕ್ಕೆ ತಿರುಗಿಸಬೇಕು. ಜೋರಾಗಿ ಅಲ್ಲಾಡಿಸಿದರೆ ನೊರೆ ಬರುತ್ತೆ, ಅಳತೆ ತಪ್ಪುತ್ತೆ. ಫ್ರಿಜ್‌ನಿಂದ ತೆಗೆದು ಹಾಗೇ ಚುಚ್ಚಿದರೆ ಒಂದು ದಿನ ವೇಗದ್ದು ಜಾಸ್ತಿ, ಒಂದು ದಿನ ನಿಧಾನದ್ದು ಜಾಸ್ತಿ. ಇನ್ನು ಅಪ್ಪ ಹೊಟ್ಟೆಯ ಬಲಗಡೆ ಅದೇ ಜಾಗದಲ್ಲಿ ಚುಚ್ಚಿಕೊಳ್ಳುತ್ತಾರಲ್ಲ, ನೋವಾಗಲ್ಲ ಅಂತ, ಅಲ್ಲಿ ಬೆರಳಲ್ಲಿ ಒತ್ತಿ ನೋಡು. ಮೆತ್ತಗೆ ಗಂಟಿನ ಹಾಗೆ ಸಿಕ್ಕಿದರೆ ಆ ಜಾಗಕ್ಕೆ ರಜೆ ಕೊಡಬೇಕು. ಗಂಟಿನೊಳಗೆ ಹೋದ ಇನ್ಸುಲಿನ್ ಯಾವಾಗ ರಕ್ತಕ್ಕೆ ಸೇರುತ್ತೆ ಅನ್ನುವುದಕ್ಕೆ ಲೆಕ್ಕವಿಲ್ಲ. ಆದರೆ ಜಾಗ ಬದಲಿಸುವ ಮೊದಲು ಡಾಕ್ಟರಿಗೆ ಹೇಳು. ಹೊಸ ಜಾಗದಲ್ಲಿ ಅದೇ ಪ್ರಮಾಣ ಪೂರ್ತಿ ಕೆಲಸ ಮಾಡಿ ಸಕ್ಕರೆ ತೀರ ಇಳಿಯಬಹುದು.

ಆ 62 ಯಾವತ್ತು ಬಂದದ್ದು ಅಂತ ನಿನ್ನ ಪಟ್ಟಿಯಲ್ಲೇ ನೋಡು ಅಮ್ಮ. ಏಕಾದಶಿ ರಾತ್ರಿ. ಸಂಜೆ ಪೂರ್ತಿ ಪ್ರಮಾಣ ಚುಚ್ಚಿಕೊಂಡು ಒಂದು ಬಟ್ಟಲು ಅವಲಕ್ಕಿ ತಿಂದು ಮಲಗಿದರೆ, ನಿಧಾನದ ಭಾಗ ನಡುರಾತ್ರಿ ದಾಟಿದ ಮೇಲೆ ಜೋರಾಗುತ್ತೆ. ಆಗ ಹೊಟ್ಟೆಯಲ್ಲಿ ಏನೂ ಇರಲ್ಲ. ಉಪವಾಸ ಬಿಡಿ ಅಂದರೆ ಅಪ್ಪ ಕೇಳಲ್ಲ, ಗೊತ್ತು. ಏಕಾದಶಿಗೆ ಬೇರೆ ಪ್ರಮಾಣ ಬರೆದುಕೊಡಿ ಅಂತ ಡಾಕ್ಟರನ್ನು ಕೇಳಿದರೆ ಬರೆದುಕೊಡ್ತಾರೆ. ನಾವಾಗಿ ಕಡಿಮೆ ಮಾಡುವುದು ಬೇಡ. ಮತ್ತೆ ಅಂಥ ರಾತ್ರಿ ಬಂದರೆ ಮೂರು ಟೀ ಚಮಚ ಸಕ್ಕರೆ ಅರ್ಧ ಲೋಟ ನೀರಿಗೆ ಕಲಸಿ ಕುಡಿಸು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡು, 70 ದಾಟದಿದ್ದರೆ ಇನ್ನೊಮ್ಮೆ ಕುಡಿಸು. ದಾಟಿದ ಮೇಲೆ ಎರಡು ಬಿಸ್ಕತ್ತೋ ಒಂದು ಚಪಾತಿಯೋ ಕೊಡು. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ಏರುವುದು ತಡವಾಗುತ್ತೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, 108ಕ್ಕೆ ಫೋನ್ ಮಾಡು. ಇಲ್ಲಿ ಅದಕ್ಕೆ 111. ಅಷ್ಟರವರೆಗೆ ಏನೂ ಹೋಗಲ್ಲ, ನೀನು ನಿದ್ದೆಗೆಡಬೇಡ. ಬೆರಳು ತೊಳೆದು ಒರೆಸಿ ಆಮೇಲೆ ರಕ್ತ ತೆಗೀರಿ. ಹಣ್ಣು ಸುಲಿದ ಕೈಯಲ್ಲಿ ನೋಡಿದರೆ ಮೀಟರ್ ಸುಳ್ಳು ಲೆಕ್ಕ ತೋರಿಸುತ್ತೆ.

ಇಲ್ಲಿಯ ಮೀಟರಿನಲ್ಲಿ 62 ಅಂತ ಬರಲ್ಲ, 3.4 ಅಂತ ಬರುತ್ತೆ. ಇಲ್ಲಿಯ ಸಂಖ್ಯೆಯನ್ನು 18ರಿಂದ ಗುಣಿಸಿದರೆ ನಮ್ಮ ಲೆಕ್ಕ. ಗೊಂದಲವೇ ಬೇಡ, ಅಪ್ಪನ ಮೀಟರು, ಸ್ಟ್ರಿಪ್ಪು ಅಲ್ಲಿಂದಲೇ ತನ್ನಿ. ಮೂರು ತಿಂಗಳವರೆಗಿನ ಔಷಧಿ ತರಬಹುದು. ಅಂಗಡಿಯ ಡಬ್ಬಿಯಲ್ಲೇ ಇರಬೇಕು, ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿ ಜೊತೆಗಿರಬೇಕು, ಬಂದಿಳಿದಾಗ ತುಂಬುವ ಫಾರಂನಲ್ಲಿ ಇದೆ ಅಂತ ಹೇಳಬೇಕು, ಅಷ್ಟೇ. ಇನ್ಸುಲಿನ್ ಪೂರ್ತಿ ಕೈಚೀಲದಲ್ಲಿ. ದೊಡ್ಡ ಸೂಟ್‌ಕೇಸಿನಲ್ಲಿ ಇಟ್ಟರೆ ವಿಮಾನದ ಹೊಟ್ಟೆಯಲ್ಲಿ ಹೆಪ್ಪುಗಟ್ಟಬಹುದು, ಪೆಟ್ಟಿಗೆ ಬರದೇ ಇರಬಹುದು. ಹೆಪ್ಪುಗಟ್ಟಿ ಕರಗಿದ್ದು ನೋಡಲು ಮೊದಲಿನ ಹಾಗೇ ಇದ್ದರೂ ಎಸೆಯಬೇಕು. ವಿಮಾನದಲ್ಲಿ ಊಟದ ತಟ್ಟೆ ಅಪ್ಪನ ಮುಂದೆ ಬಂದ ಮೇಲೆ ಸೂಜಿ. ಗಾಡಿ ಎರಡು ಸಾಲು ಮುಂದೆ ಕಂಡಿತು ಅಂತ ಚುಚ್ಚಿಕೊಂಡರೆ, ವಿಮಾನ ಕುಲುಕಿ ಬಡಿಸುವುದು ನಿಂತುಹೋದಾಗ ಕಷ್ಟ. ಮನೆಯಲ್ಲಿ ಅರ್ಧ ಗಂಟೆ ಮೊದಲು ಚುಚ್ಚುವ ಪದ್ಧತಿ ವಿಮಾನದಲ್ಲಿ ಬೇಡವಾ ಅಂತ ಡಾಕ್ಟರ ಹತ್ತಿರ ಖಚಿತ ಮಾಡಿಕೊ. ಫೆಬ್ರವರಿಯಲ್ಲಿ ಇಲ್ಲಿಯ ಗಡಿಯಾರ ನಿಮಗಿಂತ ಏಳೂವರೆ ಗಂಟೆ ಮುಂದೆ. ಪೂರ್ವಕ್ಕೆ ಬರುವಾಗ ದಿನ ಚಿಕ್ಕದಾಗಿ ಎರಡು ಸೂಜಿ ಹತ್ತಿರ ಹತ್ತಿರ ಬರುತ್ತವೆ. ಹೊರಡುವ ದಿನ, ಬಂದಿಳಿದ ದಿನ ಎಷ್ಟು, ಯಾವಾಗ ಅಂತ ವಿಮಾನದ ಸಮಯ ತೋರಿಸಿ ಬರೆಸಿಕೊಂಡು ಬಾ.

ಇನ್ನು ನಾವು ಹೋಗುವ ವ್ಯಾನು. ಸುಮಾರು ಏಳು ಮೀಟರ್ ಉದ್ದ, ಒಳಗೆ ನಿಂತು ಓಡಾಡಬಹುದು. ಫ್ರಿಜ್ ಬ್ಯಾಟರಿಯಲ್ಲೇ ಓಡುತ್ತೆ, ಗಾಡಿ ನಿಂತಾಗ ಮೇಲಿನ ಸೋಲಾರ್ ಫಲಕ ಬ್ಯಾಟರಿ ತುಂಬುತ್ತೆ. ಇಂಥ ಚಿಕ್ಕ ಫ್ರಿಜ್‌ನಲ್ಲಿ ಹಿಂದಿನ ತಗಡಿಗೆ ತಾಗಿಸಿಟ್ಟದ್ದು ಹೆಪ್ಪುಗಟ್ಟುತ್ತೆ, ಅದಕ್ಕೇ ಇನ್ಸುಲಿನ್ ಬಾಗಿಲಿನ ಅರೆಯಲ್ಲಿ, ಪಕ್ಕದಲ್ಲಿ ಒಂದು ಥರ್ಮಾಮೀಟರ್. 2ರಿಂದ 8 ಡಿಗ್ರಿ ಒಳಗೆ ಇದ್ದರೆ ಸರಿ. ಬಳಕೆಯಲ್ಲಿರುವ ಪೆನ್ನು ಹೊರಗೇ ಇರಬಹುದು, ಆದರೆ ಬಿಸಿಲಿಗೆ ನಿಲ್ಲಿಸಿದ ಗಾಡಿಯ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಬೇಡ. ಅದು ಅಪ್ಪನ ಅಂಗಿ ಜೇಬಲ್ಲೂ ಬೇಡ, ನಿನ್ನ ಕೈಚೀಲದಲ್ಲಿರಲಿ.

ಶೌಚಾಲಯ ಒಳಗೇ ಇದೆ. ರಾತ್ರಿ ಅಪ್ಪ ನಾಲ್ಕು ಸಲ ಎದ್ದರೂ ಹೊರಗೆ ಕತ್ತಲಲ್ಲಿ ಹೋಗಬೇಕಿಲ್ಲ. 2023ರಲ್ಲಿ ಇಲ್ಲಿಯ ಕಾನೂನು ಬಿಗಿಯಾಯಿತು, ವ್ಯಾನಿಗೇ ಕೂರಿಸಿದ ಶೌಚಾಲಯ ಇಲ್ಲದಿದ್ದರೆ ಎಷ್ಟೋ ಕಡೆ ರಾತ್ರಿ ತಂಗುವ ಹಾಗಿಲ್ಲ. ಅದರ ತೊಟ್ಟಿ ಹೊರಗಿನಿಂದ ಸೂಟ್‌ಕೇಸಿನ ಥರ ಎಳೆದು ತೆಗೆಯಬಹುದು, ಊರೂರಿಗೂ ಸುರಿಯುವ ಜಾಗ ಇರುತ್ತೆ. ಸುರಿಯುವಾಗ ಗಾಳಿಯ ಗುಂಡಿ ಒತ್ತಿ ಹಿಡಿದರೆ ಗುಳುಗುಳು ಅಂತ ಸಿಡಿಯಲ್ಲ. ಆಮೇಲೆ ಎರಡು ಲೀಟರ್ ನೀರು, ಅಳತೆಯ ಔಷಧಿ ಹಾಕಿ ವಾಪಸು ತಳ್ಳಬೇಕು. ಫಿನಾಯಿಲ್ ಹಾಕಬಾರದು, ಸುರಿಯುವ ಜಾಗದ ತೊಟ್ಟಿಯಲ್ಲಿ ಕೊಳೆ ಕರಗಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ. ತೊಳೆಯುವ ನಲ್ಲಿ ಬೇರೆ, ಕುಡಿಯುವ ನೀರಿನ ನಲ್ಲಿ ಬೇರೆ. ಅದೆಲ್ಲ ಇವರ ಕೆಲಸ, ನೀನು ಆ ಕಡೆ ನೋಡಲೂ ಬೇಡ, ಮಡಿ ಕೆಡಲ್ಲ.

ಗ್ಯಾಸ್ ವಾಸನೆ, ಬೆಂಕಿ ಅಂತ ಬರೆದಿದ್ದೀಯ. ನಮ್ಮ ಮನೆಯದು 14.2 ಕಿಲೋ, ಇದರದು 9 ಕಿಲೋ. ಹೊರಗಿನಿಂದ ಮಾತ್ರ ಬಾಗಿಲಿರುವ ಪೆಟ್ಟಿಗೆಯಲ್ಲಿರುತ್ತೆ, ತಳದಲ್ಲಿ ತೂತು ಇರುತ್ತೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗಿನಿಂದ ಹೊರಗೆ ಹೋಗಲಿ ಅಂತ. ಅಡುಗೆ ಮಾಡುವಾಗ ಕಿಟಕಿ ತೆರೆದಿರಬೇಕು, ಗಾಡಿ ಹೊರಟಾಗ ವಾಲ್ವ್ ಮುಚ್ಚಿರಬೇಕು. ಕರೆಂಟು ಇಲ್ಲಿಯೂ 230 ವೋಲ್ಟ್, ಆದರೆ ಪಿನ್ನು ಓರೆ. ಮಿಕ್ಸಿ ನಡೆಯುವುದು ಹೋಲಿಡೇ ಪಾರ್ಕಿನಲ್ಲಿ, ಅಂದರೆ ದುಡ್ಡು ಕೊಟ್ಟು ವ್ಯಾನು ನಿಲ್ಲಿಸಿ ತಂಗುವ ಜಾಗದಲ್ಲಿ, ಕರೆಂಟಿನ ತಂತಿ ಚುಚ್ಚಿದಾಗ ಮಾತ್ರ, ಬ್ಯಾಟರಿಯಲ್ಲಿ ಅಲ್ಲ. ಆದ್ದರಿಂದ ಚಟ್ನಿಪುಡಿ ಜಾಸ್ತಿ ತಾ. ಇಡ್ಲಿ ಹಿಟ್ಟು ಇಲ್ಲಿಯ ಚಳಿಗೆ ಹುಳಿ ಬರುವುದು ಕಷ್ಟ, ರವೆ ಇಡ್ಲಿಯೇ ಗತಿ.

ದಾರಿ ತುಂಬಾ ನಿಧಾನ. ಕ್ರೈಸ್ಟ್‌ಚರ್ಚಿನಿಂದ ಟೆಕಪೊ ಸರೋವರ ಸುಮಾರು 225 ಕಿ.ಮೀ. ಬೇರೆಯವರು ಮೂರು ಗಂಟೆಯಲ್ಲಿ ಹೋಗ್ತಾರೆ, ನಾವು ಜೆರಾಲ್ಡಿನ್‌ನಲ್ಲಿ ರಾತ್ರಿ ಉಳಿದು ಎರಡು ದಿನ ಮಾಡ್ತೀವಿ. ಟೆಕಪೊದಲ್ಲಿ ಮೂರ್ತಿ ಅಂಕಲ್ ವ್ಯಾನು ನಮ್ಮನ್ನು ಸೇರುತ್ತೆ. ಅಲ್ಲಿಂದ ಮುಂದೆ ಎರಡೂ ವ್ಯಾನು ಒಟ್ಟಿಗೆ, ಅಪ್ಪ ಯಾವುದರಲ್ಲಿ ಬೇಕಾದರೂ ಕೂರಲಿ. ಹನ್ನೆರಡೂವರೆಗೆ ಎಲ್ಲಿದ್ದರೂ ನಿಂತು ಊಟ. ಎತ್ತರದ ಜಾಗ, ಬಿಪಿ ಅಂತ ಹೆದರಬೇಡ. ಟೆಕಪೊ ಸುಮಾರು 710 ಮೀಟರ್, ನಮ್ಮ ಬೆಂಗಳೂರೇ 920. ದಾರಿಯಲ್ಲಿ ದೊಡ್ಡದು ಅನ್ನಿಸುವ ಲಿಂಡಿಸ್ ಪಾಸ್ ಘಾಟಿ 971. ಮತ್ತಿಕೆರೆಯಲ್ಲಿ ಮಹಡಿ ಹತ್ತುವವರಿಗೆ ಇದೇನು ಲೆಕ್ಕ? ಕೊನೆಗೆ ತೆ ಅನಾವ್ ಊರು. ಅಲ್ಲಿಂದ ಸಮುದ್ರದ ಕೊಲ್ಲಿ ಇರುವ ಮಿಲ್ಫರ್ಡ್‌ಗೆ ವ್ಯಾನು ಒಯ್ಯಲ್ಲ, ಬಸ್ಸಲ್ಲಿ ಹೋಗಿ ಬರ್ತೀವಿ. ಒಂದು ಕಡೆಗೇ 120 ಕಿ.ಮೀ., ಹೋಮರ್ ಸುರಂಗದ ಇಳಿಜಾರು ಕಡಿದು, ವರ್ಷಕ್ಕೆ 6,000 ಮಿ.ಮೀ.ಗೂ ಮೇಲೆ ಮಳೆ. ಆಗುಂಬೆ ನೋಡಿದವರು ನೀವು, ಛತ್ರಿ ಸಾಕಾ ಅಂತ ಕೇಳಬೇಡ.

ಇಲ್ಲಿಯವರ ವಿಚಿತ್ರ ಒಂದೆರಡಲ್ಲ. ಸೂಪರ್ ಮಾರ್ಕೆಟ್ಟಿಗೆ ಬರಿಗಾಲಲ್ಲಿ ಬರ್ತಾರೆ, ಯಾರೂ ತಿರುಗಿ ನೋಡಲ್ಲ. ಅಪ್ಪನಿಗೆ ಆ ಚಪಲ ಬೇಡ, ಸಕ್ಕರೆ ಕಾಲು, ಸರೋವರದ ಕಲ್ಲಿನ ಮೇಲೂ ಶೂ ಬೇಕು. ರಸ್ತೆ ಬದಿ ಹಣ್ಣು ಇಟ್ಟು ಪಕ್ಕದಲ್ಲಿ ಡಬ್ಬಿ ಇಟ್ಟು ಹೋಗಿರ್ತಾರೆ, ನಾವೇ ದುಡ್ಡು ಹಾಕಿ ತಗೊಳ್ಳಬೇಕು. ಒಂದೇ ಸಾಲಿನ ಸೇತುವೆಯಲ್ಲಿ ನಮ್ಮ ಕಡೆ ಚಿಕ್ಕ ಕೆಂಪು ಬಾಣ ಇದ್ದರೆ ನಾವು ಕಾಯಬೇಕು, ಹಾರ್ನ್ ಹೊಡೆಯುವವರೇ ಇಲ್ಲ. ಕಿಯಾ ಅನ್ನುವ ಬೆಟ್ಟದ ಗಿಣಿ ಗಾಡಿಯ ಕಿಟಕಿ ಸುತ್ತಲಿನ ರಬ್ಬರ್ ಕಿತ್ತು ಹಾಕುತ್ತೆ, ಅದಕ್ಕೆ ಬಿಸ್ಕತ್ತು ಹಾಕಿದರೆ ತಪ್ಪು. ಇದನ್ನೆಲ್ಲ ಕೇಳಿ ವಿಜಿ ನಗ್ತಾನೆ, ನಗಲಿ. ಎಡಗಡೆ ಓಡಿಸುವ ದೇಶ, ನೀರು ನಲ್ಲಿಯಿಂದಲೇ ಕುಡೀತಾರೆ, ನಮಗಿಷ್ಟು ಸಾಕು.

ಜೇನುತುಪ್ಪ, ಹಸಿ ಕರಿಬೇವು, ಹಾಲಿನ ಸಿಹಿ ಕಟ್ಟಬೇಡ. ಬೇರೆ ತಿಂಡಿ ಏನಿದ್ದರೂ ಫಾರಂನಲ್ಲಿ ಬರೆ. ಬರೆಯದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್ ದಂಡ. ಶೂ ತಳದ ಮಣ್ಣು ತೊಳೆದು ತಾ, ಅದನ್ನೂ ನೋಡ್ತಾರೆ. ಇನ್ಶೂರೆನ್ಸ್ ಮಾಡಿಸುವಾಗ ವಿಜಿ ಸಕ್ಕರೆ ಕಾಯಿಲೆ ಇದೆ ಅಂತ ಬರೆಯಲೇಬೇಕು, ಪ್ರೀಮಿಯಂ ಜಾಸ್ತಿಯಾದರೂ. ಇಲ್ಲಿ ಬಿದ್ದು ಪೆಟ್ಟಾದರೆ ಪ್ರವಾಸಿಗರಿಗೂ ಸರ್ಕಾರ ನೋಡುತ್ತೆ, ಕಾಯಿಲೆಗೆ ನೋಡಲ್ಲ. ಮುಚ್ಚಿಟ್ಟರೆ ಕಂಪನಿಯೂ ಕೊಡಲ್ಲ.

ಅಪ್ಪನಿಗೆ ಏನೂ ಆಗಲ್ಲ ಅಮ್ಮ, ನಿಜವಾಗಿ ಏನೂ ಆಗಲ್ಲ. ದಾರಿಯ ಊರುಗಳಲ್ಲಿ ಡಾಕ್ಟರ್ ಇದ್ದಾರೆ, ಔಷಧಿ ಅಂಗಡಿ ಇದೆ, ಸರಳಾ ಆಂಟಿಗೂ ಸಕ್ಕರೆ ಇದೆ, ಅವರು ಗಡಿಯಾರ ನೋಡಿ ಊಟ ಮಾಡುವವರು, ನಾನಿದ್ದೀನಿ, ಇವರಿದ್ದಾರೆ. ಬುಧವಾರ ಡಾಕ್ಟರ ಹತ್ತಿರ ಹೋಗುವಾಗ ಸೀಸೆ, ಸಿರಿಂಜು, ಮೀಟರು ಮೂರನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ಮುಂದಿಡು, ಬಾಯಲ್ಲಿ ಹೇಳಿದರೆ ಸಾಲದು. ಅವರು ಬೇಡ ಅಂದರೆ ಆಗ ಟಿಕೆಟ್ ಯೋಚಿಸೋಣ. ಮಕ್ಕಳು ಕರೀತಿದ್ದಾರೆ, ಈಜಿಗೆ ಹೊತ್ತಾಯಿತು. ಅಪ್ಪನಿಗೆ ನಮಸ್ಕಾರ ಹೇಳು, ಚಿಕ್ಕಮ್ಮನ ಮಂಡಿ ವಿಷಯ ಆಮೇಲೆ ಬರೀತೀನಿ.

ಇಂತಿ,
ಸುಮ

ಸಿರಿಂಜು ಕೆಂಪೋ ಕಿತ್ತಳೆಯೋ, ಬುಧವಾರದವರೆಗೆ ಕಾಯದೆ ಈಗಲೇ ನೋಡಿ ಫೋಟೊ ಕಳಿಸು. ಸೀಸೆಯ ಚೀಟಿಯೂ ಅದರಲ್ಲಿ ಕಾಣಲಿ.