ಬಂದಿಲ್ಲ ಅಂದರೆ ಕೇಳುವವರಿದ್ದಾರೆ

ಪ್ರೀತಿಯ ಪುಟ್ಟೀ,

ಶಾಲೆಯಿಂದ ಕೊಟ್ಟ ನಿಯಮಗಳ ಹಾಳೆಯನ್ನು ಚಿಕ್ಕಪ್ಪ ಭಾನುವಾರ ತಂದುಕೊಟ್ಟರು. ಪೋಷಕರ ಸಹಿ ಇರುವ ಜಾಗದಲ್ಲಿ ಸಹಿ ಹಾಕಿ ಇದರ ಜೊತೆಗೇ ಕಳಿಸಿದ್ದೇನೆ. ಮೊನ್ನೆ ಫೋನಿನಲ್ಲಿ ನೀನು "ಏನಮ್ಮ ಇದು, ಕೂತರೂ ರೂಲ್ಸು, ನಿಂತರೂ ರೂಲ್ಸು" ಅಂದೆ. ಆಗ ನನಗೆ ರೇಷ್ಮೆ ಹುಳಕ್ಕೆ ಸೊಪ್ಪು ಹಾಕುವ ಹೊತ್ತು, ನಿನ್ನ ಪಕ್ಕದಲ್ಲಿ ಚಿಕ್ಕಮ್ಮನೂ ಇದ್ದಳು. ಸರಿಯಾಗಿ ಮಾತಾಡಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿಧಾನವಾಗಿ ಓದು.

ನಮ್ಮೂರಿನ ಶಾಲೆ ಏಳನೇ ಕ್ಲಾಸಿಗೆ ಮುಗಿಯುತ್ತದೆ. ಇಲ್ಲಿ ಮೇಷ್ಟ್ರಿಗೆ ಎಲ್ಲರ ಮನೆಯೂ ಗೊತ್ತು. ಒಂದು ದಿನ ನೀನು ಹೋಗದಿದ್ದರೆ ಯಾವುದಾದರೂ ಹುಡುಗನನ್ನು ಬಾಗಿಲಿಗೇ ಕಳಿಸುತ್ತಿದ್ದರು. ಚಿಕ್ಕಬಳ್ಳಾಪುರದಲ್ಲಿ ಹಾಗಲ್ಲ. ಅಷ್ಟು ದೊಡ್ಡ ಹೈಸ್ಕೂಲಿನಲ್ಲಿ ನೀನು ಇದ್ದೀಯೋ ಇಲ್ಲವೋ ಅಂತ ತಿಳಿಯುವುದು ಹಾಜರಿ ಪುಸ್ತಕದಿಂದ. ಬೆಳಿಗ್ಗೆ ಒಮ್ಮೆ, ಊಟ ಆದ ಮೇಲೆ ಒಮ್ಮೆ ಹೆಸರು ಕೂಗುವುದು ನಿನಗೆ ಕಿರಿಕಿರಿ ಅನಿಸುತ್ತಿದೆ. ನನಗೆ ಮಾತ್ರ ಆ ಹಾಳೆಯಲ್ಲಿ ಎಲ್ಲಕ್ಕಿಂತ ಸಮಾಧಾನ ಕೊಟ್ಟ ಸಾಲು ಅದೇ. ದಿನಕ್ಕೆ ಎರಡು ಸಲ, ನನ್ನ ಮಗಳು ಬಂದಿದ್ದಾಳಾ ಅಂತ ಯಾರೋ ಒಬ್ಬರು ಕೇಳುತ್ತಾರೆ.

ಇನ್ನು ನೂರಕ್ಕೆ 75ರ ವಿಷಯ. ಹತ್ತನೇ ಕ್ಲಾಸಿನಲ್ಲಿ ಅಷ್ಟು ಹಾಜರಿ ಇಲ್ಲದಿದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಿಸುವುದಿಲ್ಲ. ನೀನಿನ್ನೂ ಎಂಟನೇ ಕ್ಲಾಸು. ಆದರೆ ರೂಢಿ ಈಗಲೇ ಆಗಬೇಕು. ಆರರಿಂದ ಎಂಟನೇ ಕ್ಲಾಸಿನವರೆಗೆ ವರ್ಷಕ್ಕೆ ಕನಿಷ್ಠ 220 ದಿನ ಶಾಲೆ ನಡೆಯಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ನಾನು ಊರ ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯಲ್ಲಿದ್ದಾಗ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. 220ರಲ್ಲಿ ಕಾಲು ಭಾಗ ಅಂದರೆ 55 ದಿನ. ಕೇಳಿದರೆ ಎಷ್ಟೊಂದು ರಜೆ ಅನಿಸುತ್ತದೆ, ಅಲ್ವಾ? ನಮ್ಮ ಹಾಗೆ ಹುಳ ಸಾಕುವ ಮನೆಯ ಒಬ್ಬ ಹುಡುಗಿಯನ್ನು ಇಟ್ಟುಕೊಂಡು ಲೆಕ್ಕ ಹಾಕಿ ನೋಡು.

ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಮೇಲೆ ಹುಳ ಎಷ್ಟು ಸೊಪ್ಪು ತಿನ್ನುತ್ತದೆ ಅಂತ ನಿನಗೆ ಗೊತ್ತು. ಅಲ್ಲಿಯವರೆಗೆ ತಿಂದಿದ್ದನ್ನೆಲ್ಲ ಸೇರಿಸಿದರೂ ಆ ಕೊನೆಯ ವಾರದ ಸೊಪ್ಪಿಗೆ ಸಮ ಬರುವುದಿಲ್ಲ. ಬೆಳಿಗ್ಗೆ ತೋಟದಿಂದ ತರಬೇಕು, ಹೊತ್ತುಹೊತ್ತಿಗೆ ಹಾಕಬೇಕು. ಹುಳ ಹಣ್ಣಾಗಿ ಗೂಡು ಕಟ್ಟಲು ಬಂತು ಅಂದರೆ ನಾಳೆ ನೋಡೋಣ ಅನ್ನುವ ಹಾಗೇ ಇಲ್ಲ. ಆರಿಸಿ, ಗೂಡು ಕಟ್ಟುವ ಚಂದ್ರಿಕೆ ತಟ್ಟೆಗೆ ಬಿಡಲು ಮನೆಮಂದಿಯ ಕೈ ಸಾಲುವುದಿಲ್ಲ. ಆಮೇಲೆ ಗೂಡು ಬಿಡಿಸಿ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹಾಕುವ ಕೆಲಸ. ಒಂದು ಬೆಳೆಗೆ ನಾಲ್ಕೇ ದಿನ ಆ ಹುಡುಗಿಯನ್ನು ಮನೆಯಲ್ಲಿ ಉಳಿಸಿಕೊಂಡರು ಅಂದುಕೋ. ಆರು ಬೆಳೆಗೆ 24 ದಿನ. ಮುಟ್ಟಾದಾಗ ತಿಂಗಳಿಗೆ ಎರಡು ದಿನ ಹೋಗಲಿಲ್ಲ ಅಂದರೆ ಹತ್ತು ತಿಂಗಳಿಗೆ 20. ಅಲ್ಲಿಗೆ 44 ಆಯಿತು. ಮಳೆಗಾಲದಲ್ಲಿ ಒಂದು ಸಲ ಜ್ವರ, ನೆಂಟರ ಮನೆಯ ಎರಡು ಮದುವೆ, ಊರ ಜಾತ್ರೆ. 55 ದಾಟಿಯೇ ಹೋಯಿತು.

ಆ ಹುಡುಗಿ ಒಂದು ದಿನವೂ ಚಕ್ಕರ್ ಹೊಡೆದಿಲ್ಲ ನೋಡು. ಪ್ರತಿ ದಿನಕ್ಕೂ ಒಂದು ಕಾರಣ ಇತ್ತು, ಮನೆಯವರಿಗೆಲ್ಲ ಅದು ಸರಿ ಅನಿಸಿತ್ತು. ನಮ್ಮ ಕಡೆ ಬುದ್ಧಿವಂತ ಹುಡುಗಿಯರು ಹಿಂದೆ ಬೀಳುವುದು ಹೀಗೆಯೇ. ಶಾಲೆ ಬಿಡು ಅಂತ ಯಾರೂ ಹೇಳುವುದಿಲ್ಲ. "ಇವತ್ತೊಂದಿನ ಇರು" ಅನ್ನುತ್ತಾರೆ. ಹೀಗೆ ಒಂದೊಂದೇ ದಿನ ಸೇರಿ, ಪಾಠ ಅರ್ಥವಾಗುವುದು ನಿಲ್ಲುತ್ತದೆ. ಅರ್ಥವಾಗದ ಕ್ಲಾಸಿನಲ್ಲಿ ಕೂರಲು ಅವಳಿಗೇ ಬೇಜಾರು. ಮನೆಯಲ್ಲಿ ಸುಮ್ನೆ ಇದ್ದಾಳೆ ಅಂತ ಗೊತ್ತಾದರೆ ಸಂಬಂಧ ಹೇಳಿಕೊಂಡು ಬರುವವರು ಶುರುವಾಗುತ್ತಾರೆ. 18 ತುಂಬದ ಹುಡುಗಿಗೆ ಮದುವೆ ಮಾಡುವುದು ಅಪರಾಧ ಅಂತ 2006ರ ಕಾಯ್ದೆ ಇದೆ. ಆದರೆ ಕಾಯ್ದೆ ಬಂದು ಬಾಗಿಲು ತಟ್ಟುವುದಕ್ಕೆ ಮುಂಚೆ ಯಾರಾದರೂ ಒಬ್ಬರು "ಆ ಹುಡುಗಿ ಯಾಕೆ ಕಾಣುತ್ತಿಲ್ಲ" ಅಂತ ಕೇಳಬೇಕು. ಅದನ್ನು ಮೊದಲು ಕೇಳಬಲ್ಲವರು ಹಾಜರಿ ಹಾಕುವ ಮೇಷ್ಟ್ರು, ಮಿಸ್ಸು. ಆ ಪುಸ್ತಕವನ್ನು ನಾನು ಇಷ್ಟೊಂದು ನಂಬುವುದು ಇದಕ್ಕೇ.

ನಿಮ್ಮಪ್ಪನ ಹತ್ತಿರ ಮಾತಾಡಿದ್ದೇನೆ. ಹುಳ ಹಣ್ಣಾಗುವ ಹೊತ್ತಿಗೆ ಕೂಲಿಯವರನ್ನು ಕರೆಯುತ್ತೇವೆ. ಖರ್ಚು ಜಾಸ್ತಿಯಾದರೆ ಆಗಲಿ. ನಿನ್ನನ್ನು ಊರಿಗೆ ಬಾ ಅಂತ ಕರೆಸುವುದಿಲ್ಲ. ಅಜ್ಜಿ ಫೋನು ಮಾಡಿ ಕರೆದರೂ "ಅಮ್ಮನ್ನ ಕೇಳಿ" ಅಂದುಬಿಡು. ಮುಟ್ಟಿನ ದಿನಗಳಲ್ಲೂ ಹೋಗು. ಶುಚಿ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಹುಡುಗಿಯರಿಗೆ ಪ್ಯಾಡು ಕೊಡುತ್ತಾರೆ, ಕೇಳಲು ನಾಚಿಕೆ ಬೇಡ. ಸಾಲದಿದ್ದರೆ ನಾನು ತಂದುಕೊಡುತ್ತೇನೆ. ಹೊಟ್ಟೆನೋವು ತಡೆಯಲು ಆಗದಿದ್ದರೆ ಮಾತ್ರ ಮನೆಯಲ್ಲಿರು. ಆಗಲೂ ರಜೆ ಅರ್ಜಿಯಲ್ಲಿ ಹೊಟ್ಟೆನೋವು ಅಂತಲೇ ಬರೆಯೋಣ.

ಅರ್ಜಿ ಅಂದೆನಲ್ಲ, ಅದಕ್ಕೊಂದು ಮಾತು. ಮದುವೆಗೆ ಹೋಗಿ ಬಂದು ಜ್ವರ ಅಂತ ಬರೆದುಕೊಡುವುದು ಎಲ್ಲ ಮನೆಯಲ್ಲೂ ಇದೆ. ನಾನು ಬರೆಯುವುದಿಲ್ಲ. ಮದುವೆಗೆ ಹೋದರೆ ಮದುವೆ ಅಂತಲೇ ಬರೆದು ಸಹಿ ಹಾಕುತ್ತೇನೆ. ಮಿಸ್ಸು ಬೈದರೆ ನನಗೇ ಬೈಯಲಿ. ಹಾಗೆಯೇ ಗೆಳತಿ ಬರದ ದಿನ ಅವಳ ಹೆಸರಿಗೆ ನೀನು "ಪ್ರೆಸೆಂಟ್ ಮಿಸ್" ಅನ್ನಬೇಡ. ದಾರಿಯಲ್ಲಿ ಅವಳಿಗೆ ಏನಾದರೂ ಆಗಿದ್ದರೆ? ಅವಳು ಶಾಲೆಯಲ್ಲೇ ಇದ್ದಾಳೆ ಅಂತ ಪುಸ್ತಕ ಹೇಳುತ್ತಿರುತ್ತದೆ, ಮನೆಯವರು ಸಂಜೆವರೆಗೆ ಹುಡುಕುವುದೇ ಇಲ್ಲ.

ಮಾರ್ಕ್ಸಿನ ಲೆಕ್ಕವೂ ಇದರಲ್ಲೇ ಇದೆ. ಎಸ್ಸೆಸ್ಸೆಲ್ಸಿಯ ಒಟ್ಟು 625 ಅಂಕದಲ್ಲಿ 125 ಶಾಲೆಯಲ್ಲೇ ಕೊಡುವುದು. ಮೊದಲ ಭಾಷೆಗೆ 25, ಉಳಿದ ಐದು ವಿಷಯಕ್ಕೆ ತಲಾ 20. ವರ್ಷವಿಡೀ ಮಾಡುವ ಚಟುವಟಿಕೆ, ಟೆಸ್ಟುಗಳಿಂದ ಅದು ಬರುತ್ತದೆ. ಮಾರ್ಚಿನಲ್ಲಿ ಹಗಲು ರಾತ್ರಿ ಓದಿದರೂ ಆ 125 ಸಿಗುವುದಿಲ್ಲ.

ಈಗ ನಡತೆಯ ನಿಯಮಗಳು. ಮೊಬೈಲ್ ತರಬಾರದು ಅನ್ನುವುದಕ್ಕೆ ನೀನು ತುಂಬಾ ಮುನಿಸಿಕೊಂಡಿದ್ದೀಯ. ನನ್ನ ಒಪ್ಪಿಗೆ ಶಾಲೆಯ ಕಡೆಗೇ. ಯಾರೋ ತೆಗೆದ ಒಂದು ಫೋಟೋ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಈ ಕಾಲದಲ್ಲಿ ಹೇಳಲು ಆಗುವುದಿಲ್ಲ. ಅರ್ಜೆಂಟ್ ಇದ್ದರೆ ಆಫೀಸಿನಿಂದ ಚಿಕ್ಕಮ್ಮನಿಗೆ ಫೋನು ಮಾಡಿಸು. ಎರಡು ಜಡೆ, ಯೂನಿಫಾರ್ಮು, ಪ್ರಾರ್ಥನೆಗೆ ಮುಂಚೆ ಗೇಟಿನೊಳಗೆ ಇರುವುದು, ಇವುಗಳ ಮೇಲೆ ಜಗಳ ಬೇಡ. ಬೆಳಿಗ್ಗೆ ಹತ್ತು ನಿಮಿಷ ಬೇಗ ಏಳು, ಸಾಕು.

ಹಾಳೆಯಲ್ಲಿ ಬರೆಯದ ಒಂದು ನಡತೆ ಇದೆ, ನನಗೆ ಅದೇ ಮುಖ್ಯ. ಮಧ್ಯಾಹ್ನ ಬಿಸಿಯೂಟಕ್ಕೆ ಸಾಲಾಗಿ ಕೂರುತ್ತೀರಲ್ಲ, ಯಾರ ಪಕ್ಕ ಜಾಗ ಇದೆಯೋ ಅಲ್ಲಿ ಕೂತು ಊಟ ಮಾಡು. ನಿನ್ನ ಪಕ್ಕದವಳು ಯಾವ ಕೇರಿ, ಯಾವ ಜನ ಅಂತ ಕೇಳಬೇಡ. ಬೇರೆ ಯಾರಾದರೂ ಕೇಳಿದರೆ ಎದ್ದು ಹೋಗದೆ ಅವಳ ಪಕ್ಕದಲ್ಲೇ ಇರು. ಬೆಳಿಗ್ಗೆ ಸಂವಿಧಾನದ ಪೀಠಿಕೆ ಓದಿಸುತ್ತಾರೆ ಅಂದೆಯಲ್ಲ. ಸಮಾನತೆ, ಭ್ರಾತೃತ್ವ ಅಂತ ಅದರಲ್ಲಿ ಬರುವ ಮಾತನ್ನು ಊಟದ ಸಾಲಿನಲ್ಲಿ ನಡೆಸಬೇಕಾದವರು ನೀವೇ ತಾನೇ.

ನಿಯಮ ಮಕ್ಕಳಿಗೆ ಮಾತ್ರ ಅಂತ ತಿಳಿಯಬೇಡ. ಅದೇ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಗುವಿಗೆ ಹೊಡೆಯುವಂತಿಲ್ಲ, ಮನಸ್ಸಿಗೆ ಹಿಂಸೆ ಕೊಡುವಂತಿಲ್ಲ. ತಡವಾಗಿ ಬಂದದ್ದಕ್ಕೆ ಬುದ್ಧಿ ಹೇಳಬಹುದು, ನಮ್ಮನ್ನು ಕರೆಸಬಹುದು. ಕೋಲು ಎತ್ತುವುದು, ಎಲ್ಲರ ಮುಂದೆ ಅವಮಾನ ಮಾಡುವುದು ತಪ್ಪು. ಕ್ಲಾಸು ಗುಡಿಸುವ ಸರದಿ ಎಲ್ಲರಿಗೂ ಇದ್ದರೆ ನೀನೂ ಗುಡಿಸು. ಹುಡುಗಿಯರಿಗೆ ಮಾತ್ರ, ಇಲ್ಲವೇ ಕೆಲವು ಮಕ್ಕಳಿಗೆ ಮಾತ್ರ ಆ ಕೆಲಸ ಹೇಳಿದರೆ ನನಗೆ ತಿಳಿಸು. 2023ರ ಡಿಸೆಂಬರ್‌ನಲ್ಲಿ ಪಕ್ಕದ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದರು. ಟಿವಿಯಲ್ಲಿ ನೋಡಿ ಅವತ್ತು ನನಗೆ ಊಟ ಸೇರಲಿಲ್ಲ. ಆ ಮಕ್ಕಳೂ ದೊಡ್ಡವರು ಹೇಳಿದ್ದನ್ನೇ ಕೇಳಿದ್ದು. ದೊಡ್ಡವರು ಹೇಳಿದರು ಅನ್ನುವ ಒಂದೇ ಕಾರಣಕ್ಕೆ ಎಲ್ಲದಕ್ಕೂ ತಲೆಯಾಡಿಸಬೇಡ ಕಂದ. ಯಾರಾದರೂ ಮೈ ಮುಟ್ಟಿ ಮಾತಾಡಿದರೆ, ಅದು ಯಾರೇ ಆಗಲಿ, ಅವತ್ತೇ ಹೇಳು. ನಮಗೆ ಹೇಳಲು ಬಾಯಿ ಬರದಿದ್ದರೆ 1098 ಮಕ್ಕಳ ಸಹಾಯವಾಣಿ. ದುಡ್ಡು ಬೇಡ, ಯಾವ ಫೋನಿನಿಂದಲಾದರೂ ಆಗುತ್ತದೆ. ಈ ನಂಬರನ್ನು ಜಾಮಿಟ್ರಿ ಬಾಕ್ಸಿನ ಒಳಗೆ ಬರೆದು ಅಂಟಿಸು.

ನಮ್ಮ ಜಿಲ್ಲೆಯ ಎಚ್. ನರಸಿಂಹಯ್ಯನವರ ಬಗ್ಗೆ ನಿನಗೆ ಗೊತ್ತಿರಬೇಕು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. 1935ರಲ್ಲಿ, ಚಾರ್ಜಿಗೆ ದುಡ್ಡಿಲ್ಲದೆ, ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದುಕೊಂಡೇ ಹೋದ ಹುಡುಗ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಶಿಸ್ತಿನ ಮನುಷ್ಯ. ಆದರೆ ಬದುಕಿಡೀ ಮಕ್ಕಳಿಗೆ ಹೇಳಿದ್ದು ಪ್ರಶ್ನೆ ಕೇಳಿ ಅಂತ. ಶಾಲೆಗೆ ತಪ್ಪದೆ ಹೋಗುವುದೂ ಪ್ರಶ್ನೆ ಕೇಳುವುದೂ ಒಬ್ಬರಲ್ಲೇ ಇರಬಹುದು, ಅಲ್ವಾ?

ನೀನು ಪೆನ್ಸಿಲಿನಲ್ಲಿ ಗೆರೆ ಎಳೆದು ಕಳಿಸಿದ ಆ ಸಾಲು, "ವಿದ್ಯಾರ್ಥಿನಿಯರು ಹುಡುಗರೊಂದಿಗೆ ಮಾತನಾಡಕೂಡದು" ಅನ್ನುವುದು, ನನಗೂ ಸರಿ ಕಾಣಲಿಲ್ಲ. ಒಂದೇ ಕ್ಲಾಸಿನಲ್ಲಿ ಕೂತವರು ನೋಟ್ಸು ಕೇಳುವುದು ಹೇಗೆ? ಇಂಥ ನಿಯಮದಿಂದ ಕಾಟ ಕೊಡುವ ಹುಡುಗ ಸುಮ್ಮನಾಗುವುದಿಲ್ಲ. ಕಾಟ ಪಟ್ಟ ಹುಡುಗಿಯೇ, ಮಾತಾಡಿದ್ದು ನನ್ನ ತಪ್ಪೇನೋ ಅಂತ ಬಾಯಿ ಮುಚ್ಚಿಕೊಳ್ಳುತ್ತಾಳೆ. ಹುಡುಗರು ಹೇಗೆ ನಡೆದುಕೊಳ್ಳಬೇಕು ಅಂತ ಆ ಹಾಳೆಯಲ್ಲಿ ಒಂದು ಸಾಲೂ ಇಲ್ಲ. ಸಹಿ ಹಾಕಿದ ಜಾಗದ ಕೆಳಗೆ "ಈ ನಿಯಮದ ಬಗ್ಗೆ ಮಾತನಾಡಬೇಕು" ಅಂತ ಬರೆದಿದ್ದೇನೆ. ಮುಂದಿನ ಪೋಷಕರ ಸಭೆಗೆ ನಾನೇ ಬಂದು ಹೆಡ್‌ಮಿಸ್ ಹತ್ತಿರ ಕೇಳುತ್ತೇನೆ. ನಿನ್ನ ಹೆಸರು ಎತ್ತುವುದಿಲ್ಲ, ಹೆದರಬೇಡ. ಅಲ್ಲಿಯವರೆಗೆ ಅದಕ್ಕಾಗಿ ಮಿಸ್ಸಿನ ಜೊತೆ ವಾದಕ್ಕೆ ಇಳಿಯಬೇಡ. ಅದು ನನ್ನ ಕೆಲಸ.

ಚಿಕ್ಕಮ್ಮನಿಗೆ ಬೆಳಗಿನ ಪಾತ್ರೆ ಕೆಲಸದಲ್ಲಿ ಕೈಜೋಡಿಸು, ಆದರೆ ಒಂಬತ್ತಕ್ಕೆ ಮನೆ ಬಿಡು. ಅವಳಿಗೂ ಹೇಳಿದ್ದೇನೆ. ಗೌರಿ ಹಬ್ಬಕ್ಕೆ ಬರುವಾಗ ಶಾಲೆ ಬಿಟ್ಟ ಮೇಲೆಯೇ ಬಸ್ಸು ಹತ್ತು, ಬಾಗಿನದ ಕೆಲಸ ಇದೆ ಅಂತ ಮುಂಚಿನ ದಿನವೇ ಹೊರಡಬೇಡ. ಆಧಾರ್ ಕಾರ್ಡು ಬ್ಯಾಗಿನಲ್ಲಿರಲಿ, ಇಲ್ಲದಿದ್ದರೆ ಕಂಡಕ್ಟರ್ ಫ್ರೀ ಟಿಕೆಟ್ ಕೊಡುವುದಿಲ್ಲ.

ನಿನ್ನ ಪ್ರೀತಿಯ
ಅಮ್ಮ