ಶನಿವಾರದ ಲೆಕ್ಕ

ಬೆಟಗೇರಿ, ಗದಗ

ಪ್ರೀತಿಯ ತಂಗೆವ್ವಾ,

ಸ್ಕಾಲರ್‌ಶಿಪ್ ಸಿಕ್ಕಿತು ಅಂತ ನಿನ್ನ ಫೋನ್ ಬಂದಾಗಿನಿಂದ ನಿಮ್ಮಪ್ಪ ಓಣಿಯಲ್ಲಿ ಸಿಕ್ಕವರಿಗೆಲ್ಲ ಸುದ್ದಿ ಹೇಳುತ್ತಿದ್ದಾನೆ. ಮೊನ್ನೆ ಕಿರಾಣಿ ಅಂಗಡಿಯಲ್ಲಿ ಸಕ್ಕರೆ ತೂಗಿಸುತ್ತ, ‘ನಮ್ಮ ಹುಡುಗಿಗೆ ದಿಲ್ಲಿಯಿಂದ ರೊಕ್ಕ ಬರತೈತಿ’ ಅಂದ. ಅಂಗಡಿಯವನು ನಿನಗೆ ನೌಕರಿ ಸಿಕ್ಕಿದೆ ಅಂತ ತಿಳಿದು ಪೇಢೆ ಕೇಳಿದ. ವೈನಿ ಮಾತ್ರ ನನ್ನನ್ನು ಕರೆದು, ‘ಇದು ಮೂರೂ ವರ್ಷ ಬರತೈತೋ, ನಡುವೆ ನಿಲ್ಲತೈತೋ, ಆಕಿಗೆ ಒಂದು ಕಾಗದ ಬರೀರಿ’ ಅಂದರು. ಕೇಳಬೇಕಾದ ಪ್ರಶ್ನೆ ಅದೇ.

ಕೇಂದ್ರ ಸರ್ಕಾರದ ಈ ಮೆರಿಟ್ ಸ್ಕಾಲರ್‌ಶಿಪ್ ದೇಶಕ್ಕೆಲ್ಲ ಸೇರಿ ವರ್ಷಕ್ಕೆ 82,000 ಹೊಸಬರಿಗೆ ಇದೆ. ಅರ್ಧ ಹುಡುಗಿಯರಿಗೆ. ಪಿಯುಸಿಯಲ್ಲಿ ನಿನ್ನ ವಿಭಾಗದಲ್ಲಿ ಪಾಸಾದವರನ್ನೆಲ್ಲ ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ಮೊದಲಿನ ನೂರಕ್ಕೆ ಇಪ್ಪತ್ತು ಮಂದಿಯಲ್ಲಿ ಇರಬೇಕು. ಮನೆಯ ಆದಾಯ ವರ್ಷಕ್ಕೆ 4.5 ಲಕ್ಷ ದಾಟಿರಬಾರದು. ಡಿಗ್ರಿಗೆ ವರ್ಷಕ್ಕೆ 12,000, ಮುಂದೆ ಎಂಎಸ್ಸಿ ಮಾಡಿದರೆ ವರ್ಷಕ್ಕೆ 20,000. ‘ಧಾರವಾಡದಾಗ ತಿಂಗಳಿಗೆ ಸಾವಿರಕ್ಕ ಏನ ಬರತೈತಿ’ ಅಂತ ನಿಮ್ಮಣ್ಣ ನಕ್ಕ. ಆ ಸಾವಿರ ಕೈಗಡ ತರಲು ನಿಮ್ಮಪ್ಪ ಎಷ್ಟು ಬಾಗಿಲು ತಟ್ಟಿದ್ದಾನೆ ಅಂತ ಅವನಿಗೆ ಗೊತ್ತಿಲ್ಲ. ನನಗೆ ಗೊತ್ತು.

ಕಾಲೇಜು ಆಫೀಸಿನಲ್ಲಿ ಗುಮಾಸ್ತನಾಗಿ ನಾನು ಬಹಳ ವರ್ಷ ಸ್ಕಾಲರ್‌ಶಿಪ್ ಟೇಬಲ್ಲೇ ನೋಡಿದೆ. ಅಂಕ ಕಡಿಮೆಯಾಗಿ ಕಳೆದುಕೊಂಡವರನ್ನು ಕಂಡಿದ್ದು ಕಡಿಮೆ. ಮುಂದುವರಿಯಲು ವರ್ಷದ ಪರೀಕ್ಷೆಯಲ್ಲಿ 50% ಬೇಕು, ಅಷ್ಟೇ. ಇಲ್ಲಿಯವರೆಗೆ ಬಂದ ನಿನಗೆ ಅದು ಬೆಟ್ಟವಲ್ಲ. ನನಗೆ ಹೆದರಿಕೆ ಇರುವುದು ಹಾಜರಿಯದ್ದು. ಅದು 75% ಇರಲೇಬೇಕು.

‘ಕಾಲೇಜು ತಪ್ಪಿಸೂದಿಲ್ಲ ಕಾಕಾ’ ಅಂದಿ. ತಪ್ಪಿಸುವುದಿಲ್ಲ, ಒಪ್ಪಿದೆ. ಆದರೆ ಲೆಕ್ಕ ಹಾಕೋಣ, ಪೆನ್ನು ತೊಗೊ. ಒಂದು ಸೆಮಿಸ್ಟರಿಗೆ 16 ವಾರ ಅಂತ ಹಿಡಿ. ವಾರಕ್ಕೆ 6 ದಿನ, ಒಟ್ಟು 96 ದಿನ. ಶಕ್ತಿ ಯೋಜನೆ ಬಂದ ಮೇಲೆ ಹುಬ್ಬಳ್ಳಿಯಿಂದ ಗದಗಿಗೆ ನಿನಗೆ ಟಿಕೆಟ್ ಖರ್ಚೂ ಇಲ್ಲ. ಶುಕ್ರವಾರ ಸಂಜೆ ಬ್ಯಾಗ್ ಹಿಡಿದು ಹೊರಟರೆ ರಾತ್ರಿ ಊಟಕ್ಕೆ ಮನೆಯಲ್ಲಿ. ಶನಿವಾರ ಹೋಯಿತು. ಸೋಮವಾರ ಬೆಳಿಗ್ಗೆ ಆಯಿ ‘ರೊಟ್ಟಿ ತಿಂದು ಹೋಗು’ ಅನ್ನುತ್ತಾಳೆ. ಹುಬ್ಬಳ್ಳಿಯಲ್ಲಿ ಇಳಿದು ಚಿಗರಿ ಬಸ್ ಹತ್ತಿ ಧಾರವಾಡ ಮುಟ್ಟುವುದರೊಳಗೆ ಮಧ್ಯಾಹ್ನ. ಅರ್ಧ ದಿನ ಅಲ್ಲಿಯೂ ಹೋಯಿತು. 16 ಶನಿವಾರ, 16 ಅರ್ಧ ಸೋಮವಾರ. ಕೂಡಿಸಿದರೆ 24 ದಿನ. 96ರಲ್ಲಿ 24 ಹೋದರೆ ಸರಿಯಾಗಿ 75% ಉಳಿಯಿತು. ಜ್ವರಕ್ಕೆ ಒಂದು ದಿನವಿಲ್ಲ, ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲಲು ಬರುವಂತಿಲ್ಲ, ಅತ್ತೆಯ ಮಗಳ ಮದುವೆಗೆ ಅರಿಶಿನದ ದಿನವೇ ಬಾ ಅಂತ ಯಾರೂ ಹೇಳುವಂತಿಲ್ಲ.

ಒಂದು ದಿನವೂ ನೀನು ‘ಕಾಲೇಜು ತಪ್ಪಿಸಿದೆ’ ಅಂತ ಅಂದುಕೊಂಡಿರುವುದಿಲ್ಲ, ನೋಡು.

ಶ್ರಾವಣದ ಸುಮಾರಿಗೆ ಹೊಲದಲ್ಲಿ ಹೆಸರುಕಾಯಿ ಬಿಡಿಸಲು ಆಳು ಸಿಗುವುದಿಲ್ಲ ಅಂತ ನಿಮ್ಮ ಅಜ್ಜ ಫೋನ್ ಮಾಡಿಯೇ ಮಾಡುತ್ತಾನೆ. ಬರಬೇಡ. ನಾನು ಬೈಸಿಕೊಳ್ಳುತ್ತೇನೆ. ತಿಂಗಳಿಗೊಮ್ಮೆ ನಿನ್ನ ಹಾಜರಿ ಎಷ್ಟಿದೆ ಅಂತ ಆಫೀಸಿನಲ್ಲೋ ಮಾಸ್ತರರ ಹತ್ತಿರವೋ ಕೇಳಿ ಬರೆದಿಡು. ಕೆಲವು ಸಲ ಇದ್ದವರ ಹೆಸರಿನ ಮುಂದೆಯೂ ಗೈರು ಬಿದ್ದಿರುತ್ತದೆ. ಅದೇ ತಿಂಗಳು ಹೇಳಿದರೆ ತಿದ್ದುತ್ತಾರೆ, ಪರೀಕ್ಷೆ ಹತ್ತಿರ ಬಂದ ಮೇಲೆ ಹೇಳಿದರೆ ಜಗಳ.

ಇನ್ನು ರಿನ್ಯೂವಲ್. ಒಮ್ಮೆ ಸಿಕ್ಕರೆ ತಾನೇ ಬರುತ್ತಿರುತ್ತದೆ ಅಂತ ನಿಮ್ಮಪ್ಪ ತಿಳಿದಿದ್ದಾನೆ. ಹಾಗಲ್ಲ. ಪ್ರತಿ ವರ್ಷ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ನೀನೇ ಹಾಕಬೇಕು. ಹಾಕಿದ ಮೇಲೆ ಅದು ಕಾಲೇಜಿಗೆ ಪರಿಶೀಲನೆಗೆ ಬರುತ್ತದೆ, ಅಲ್ಲಿಂದ ಮೇಲಕ್ಕೆ. ನೀನು ಹಾಕಲು ಒಂದು ಕೊನೆಯ ದಿನಾಂಕ, ಕಾಲೇಜು ಪರಿಶೀಲಿಸಲು ಇನ್ನೊಂದು.

ಇಲ್ಲಿ ನನ್ನದೇ ಒಂದು ಮಾತು ಹೇಳಬೇಕು. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಒಂದು ವರ್ಷ ಒಬ್ಬ ಹುಡುಗ ಟೈಮಿಗೆ ಸರಿಯಾಗಿ ರಿನ್ಯೂವಲ್ ಹಾಕಿದ್ದ. ಅಂಕವೂ ಇತ್ತು, ಹಾಜರಿಯೂ ಇತ್ತು. ಆ ವಾರ ನಾನು ಮದುವೆಗೆ ಅಂತ ರಜೆ ಹಾಕಿದ್ದೆ. ಬಂದು ನೋಡಿದರೆ ಕಾಲೇಜಿನ ಪರಿಶೀಲನೆಯ ಕೊನೆಯ ದಿನ ಮುಗಿದಿತ್ತು. ಅವನ ಅರ್ಜಿ ನನ್ನ ಲಾಗಿನ್‌ನಲ್ಲೇ ಕೂತಿತ್ತು. ಆ ವರ್ಷದ ರೊಕ್ಕ ಅವನಿಗೆ ಬರಲಿಲ್ಲ. ಕೌಂಟರಿನ ಕಿಂಡಿಯ ಆಚೆ ನಿಂತು, ‘ಸರ್, ನಾನು ಹಾಕಿದ್ನಲ್ಲ’ ಅಂತ ಮೂರು ಸಲ ಅಂದ. ಬೈಯಲಿಲ್ಲ. ಬೈದಿದ್ದರೆ ಛಲೋ ಇತ್ತು. ತಪ್ಪು ನನ್ನದು. ಆದರೆ ಅವನು ನಡುವೆ ಒಂದು ಸಲ ಬಂದು ಕಿಂಡಿ ಬಡಿದಿದ್ದರೆ ನನ್ನ ಪಕ್ಕದ ಟೇಬಲ್ಲಿನವರಾದರೂ ನೋಡುತ್ತಿದ್ದರು.

ಅದಕ್ಕೇ ಹೇಳುತ್ತೇನೆ, ಹಾಕಿ ಸುಮ್ನೆ ಕೂಡಬೇಡ. ವಾರಕ್ಕೊಮ್ಮೆ ಸ್ಟೇಟಸ್ ನೋಡು. ಕಾಲೇಜಿನ ಹಂತದಲ್ಲೇ ನಿಂತಿದ್ದರೆ ಹೋಗಿ ಕೇಳು. ‘ಡಿಫೆಕ್ಟ್’ ಅಂತ ಬಂದಿದ್ದರೆ ಏನೋ ತಿದ್ದಲು ವಾಪಸ್ ಕಳಿಸಿದ್ದಾರೆ ಅಂತ ಅರ್ಥ. ತಿದ್ದಿ ಮತ್ತೆ ಕಳಿಸುವವರೆಗೆ ಅದು ಅಲ್ಲೇ ಬಿದ್ದಿರುತ್ತದೆ. ಗುಮಾಸ್ತರಿಗೆ ಬೇಜಾರಾಗುತ್ತದೆ ಅಂತ ಸಂಕೋಚ ಬೇಡ. ಬೇಜಾರಾಗುತ್ತದೆ, ಕೆಲಸವೂ ಆಗುತ್ತದೆ. ನಿನ್ನ ಓಟಿಆರ್‌ನ, ಅಂದರೆ ಪೋರ್ಟಲ್‌ನಲ್ಲಿ ಒಮ್ಮೆ ಮಾಡಿಕೊಳ್ಳುವ ನೋಂದಣಿಯ, 14 ಅಂಕಿ ನೋಟ್‌ಬುಕ್ಕಿನಲ್ಲಿ ಬರೆದಿಡು. ಅದಕ್ಕೆ ಕೊಟ್ಟ ಮೊಬೈಲ್ ನಂಬರ್ ಬದಲಿಸಬೇಡ, ಓಟಿಪಿ ಅದಕ್ಕೇ ಬರುವುದು.

ರೊಕ್ಕ ನೇರ ಬ್ಯಾಂಕಿಗೆ, ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ಬೀಳುತ್ತದೆ. ರೋಣದ ಕಡೆಯ ಒಬ್ಬ ಹುಡುಗಿ ರೊಕ್ಕ ಬಂದಿಲ್ಲ ಅಂತ ಎರಡು ತಿಂಗಳು ಓಡಾಡಿದಳು. ನೋಡಿದರೆ ಹೊಸ ಸಿಮ್ ತೊಗೊಳ್ಳುವಾಗ ಹೆಬ್ಬೆಟ್ಟು ಒತ್ತಿದ್ದಳಂತೆ, ಅದರ ಜೊತೆಗೆ ಒಂದು ಖಾತೆಯೂ ತೆರೆದಿತ್ತು, ಆಧಾರ್ ಜೋಡಣೆ ಅಲ್ಲಿಗೆ ಸರಿದಿತ್ತು. ರೊಕ್ಕ ಅಲ್ಲಿ ತಣ್ಣಗೆ ಮಲಗಿತ್ತು. ಹಾಸ್ಟೆಲಿಗೆ ಯಾರಾದರೂ ಹೊಸ ಖಾತೆ ತೆಗೆಸಲು ಬಂದರೆ ಬೇಡ ಅನ್ನು.

ನಿನ್ನ ಗೆಳತಿ ‘ರಾಜ್ಯ ಸರ್ಕಾರದ್ದೂ ಹಾಕು, ಯಾವುದು ಬರುತ್ತೋ ಬರಲಿ’ ಅಂದಳಂತೆ. ಇದನ್ನು ತೊಗೊಳ್ಳುವವರು ಬೇರೆ ಸ್ಕಾಲರ್‌ಶಿಪ್ ತೊಗೊಳ್ಳುವಂತಿಲ್ಲ, ರಾಜ್ಯದ ಶುಲ್ಕ ವಿನಾಯಿತಿಯೂ ಸೇರಿ. ಎರಡರ ಮೊತ್ತ ಒಂದು ಹಾಳೆಯಲ್ಲಿ ಬರೆದು ನೋಡು, ಜಾಸ್ತಿ ಇರುವುದನ್ನು ಹಿಡಿ, ಇನ್ನೊಂದನ್ನು ಬಿಡು. ರ‍್ಯಾಗಿಂಗ್‌ನಂಥ ದೂರು ಬಂದರೂ ಸ್ಕಾಲರ್‌ಶಿಪ್ ಹೋಗುತ್ತದೆ. ನೀನು ಯಾರನ್ನೂ ಕಾಡುವವಳಲ್ಲ, ಆದರೆ ಮುಂದಿನ ವರ್ಷ ಜ್ಯೂನಿಯರ್ ಹುಡುಗಿಯರನ್ನು ನಿಲ್ಲಿಸಿ ಹಾಡಿಸುವಾಗ ಸುತ್ತ ನಿಂತು ನಗುವ ಗುಂಪಿನಲ್ಲೂ ಇರಬೇಡ.

ಪಾಸ್‌ಬುಕ್ಕಿನ ಮೊದಲ ಪುಟದ ಫೋಟೊ ವಾಟ್ಸಾಪಿನಲ್ಲಿ ಕಳಿಸು. ಹೆಸರಿನ ಅಕ್ಷರ ಆಧಾರ್ ಜೊತೆ ಹೊಂದುತ್ತದೋ ಇಲ್ಲವೋ ನೋಡುತ್ತೇನೆ, ನನಗೀಗ ಬೇರೆ ಕೆಲಸವೇನಿದೆ.

ಆಯಿ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ನಿಮ್ಮ ಓಣಿಯ ಹುಡುಗನ ಕೈಯಲ್ಲಿ ಕಳಿಸಿದ್ದಾಳೆ. ಸ್ಟೀಲ್ ಡಬ್ಬಿ ಮರಳಿ ಬರಬೇಕಂತೆ. ಅದನ್ನು ಕೊಡಲು ಅಂತ ಶುಕ್ರವಾರ ಸಂಜೆ ಬಸ್ ಹತ್ತಬೇಡ. ಶನಿವಾರ ಕಾಲೇಜು ಮುಗಿಸಿ ಬಾ.

ನಿನ್ನ ಕಾಕಾ